ಆಡಾಸಿಟಿಯಲ್ಲಿ ರೆಕಾರ್ಡಿಂಗ್ ಕೈಕೊಟ್ಟರೆ ತಪ್ಪನ್ನು ಎಲ್ಲಿ ಹುಡುಕಬೇಕು

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಯಲ್ಲೇ ಕೂತು ಆಡಾಸಿಟಿ ಎಂಬ ದನಿ ರೆಕಾರ್ಡಿಂಗ್ ತಂತ್ರಾಂಶ ಬಳಸುವವರು ಬಗೆಬಗೆ. ಆಷಾಢದ ಸೀರೆ ಸೇಲ್‌ಗೆ ಆಟೋ ಪ್ರಚಾರದ ದನಿ ಕೊಡುವವರಿದ್ದಾರೆ, ಭಜನಾ ಮಂಡಳಿಯ ವಚನ ಗಾಯನ ಹಿಡಿದಿಡುವವರಿದ್ದಾರೆ, ಪಾಠ ಓದಿ ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುವ ಮೇಷ್ಟ್ರುಗಳಿದ್ದಾರೆ. ಕೆಲಸ ಬೇರೆಯಾದರೂ ದೂರುಗಳು ಅವೇ ಐದಾರು: ದನಿ ಬರುತ್ತಿಲ್ಲ, ಗುಂಯ್ ಅನ್ನುತ್ತಿದೆ, ಒಡೆದು ಕೇಳುತ್ತಿದೆ, ಇಯರ್‌ಫೋನಲ್ಲಿ ಸರಿ ಇದ್ದದ್ದು ಆಟೋ ಮೇಲಿನ ಹಾರ್ನ್ ಸ್ಪೀಕರಿನಲ್ಲಿ ಮಾಯವಾಗಿದೆ, ಹಾಡು ತಾಳಕ್ಕೆ ಹಿಂದೆ ಬೀಳುತ್ತಿದೆ.

ಇಂಥ ದೂರು ಬಂದ ಕೂಡಲೇ ಎಲ್ಲರ ಕೈಯೂ ಎಫೆಕ್ಟ್ ಮೆನುವಿಗೆ ಹೋಗುತ್ತದೆ. ಅದು ಕೊನೆಗೆ ಹೋಗಬೇಕಾದ ಜಾಗ. ದನಿ ಬಾಯಿಂದ ಹೊರಟು ಕೋಣೆ, ಮೈಕು, ವೈರು, ಸೌಂಡ್ ಕಾರ್ಡು, ವಿಂಡೋಸ್ ದಾಟಿ ಆಡಾಸಿಟಿಗೆ ಬರುತ್ತದೆ. ಎಲ್ಲಿ ಕೆಟ್ಟಿತೆಂದು ಗೊತ್ತಾಗುವ ಮೊದಲೇ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ಇಳಿಸುವ ಎಫೆಕ್ಟ್) ಹಾಕಿದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಇಲ್ಲಿ ಹೇಳಿರುವುದು ವಿಂಡೋಸ್ ಮೇಲಿನ ಆಡಾಸಿಟಿ 3.x ಆವೃತ್ತಿಗಳಿಗೆ. 2000ನೇ ಇಸವಿಯಿಂದ ಉಚಿತವಾಗಿಯೇ ಸಿಗುತ್ತಿರುವ ತಂತ್ರಾಂಶ ಇದು; ಯಾರಾದರೂ ಲೈಸೆನ್ಸ್ ಕೀ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಮೊದಲು ಮೂವತ್ತು ಸೆಕೆಂಡಿನ ಪರೀಕ್ಷೆ

ಹೊಸ ಪ್ರಾಜೆಕ್ಟ್ ತೆರೆದು ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಮೊದಲ ಹತ್ತು ಸೆಕೆಂಡ್ ಸುಮ್ಮನಿರಿ, ಉಸಿರೂ ಬೇಡ. ಮುಂದಿನ ಹತ್ತು ಸೆಕೆಂಡ್ ಮಾಮೂಲಿ ಮಾತು. ಕೊನೆಯ ಹತ್ತು ಸೆಕೆಂಡ್ ನಿಮ್ಮ ಕೆಲಸದಲ್ಲಿ ಬರುವ ಅತಿ ಜೋರಾದ ದನಿ. ನಿಲ್ಲಿಸುವ ಮುಂಚೆ ಉಗುರಿನಿಂದ ಮೈಕಿನ ಜಾಲರಿಯನ್ನು ಒಮ್ಮೆ ಕೆರೆಯಿರಿ, ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚನ್ನು ಒಮ್ಮೆ ಕೆರೆಯಿರಿ. ಎಫೆಕ್ಟ್ ಏನೂ ಹಾಕದೆ ಇದನ್ನು ಉಳಿಸಿಕೊಳ್ಳಿ. ಮುಂದಿನದೆಲ್ಲ ಈ ತುಣುಕನ್ನು ನೋಡಿಯೇ ಹೇಳಬಹುದು.

ಪರದೆಯಂಚು ಕೆರೆದದ್ದು ಜೋರಾಗಿ, ಮೈಕು ಕೆರೆದದ್ದು ಸಣ್ಣಗೆ ಕೇಳಿದರೆ ನೀವು ಕೊಂಡು ತಂದ ಮೈಕು ಕೆಲಸವನ್ನೇ ಮಾಡುತ್ತಿಲ್ಲ. ಲ್ಯಾಪ್‌ಟಾಪಿನೊಳಗಿನ ಮೈಕೇ ದನಿ ಹಿಡಿಯುತ್ತಿದೆ. ಆಡಾಸಿಟಿ ತೆರೆದ ಮೇಲೆ ಯುಎಸ್‌ಬಿ ಮೈಕು ಚುಚ್ಚಿದ್ದರೆ ಹೀಗಾಗುತ್ತದೆ, ಏಕೆಂದರೆ ಯಾವ ಯಾವ ಸಾಧನಗಳಿವೆ ಎಂಬ ಪಟ್ಟಿಯನ್ನು ಅದು ತೆರೆಯುವಾಗಲೇ ಮಾಡಿಕೊಂಡಿರುತ್ತದೆ. ಟ್ರಾನ್ಸ್‌ಪೋರ್ಟ್ > ರೀಸ್ಕ್ಯಾನ್ ಆಡಿಯೋ ಡಿವೈಸಸ್ ಒತ್ತಿ, ಆಡಿಯೋ ಸೆಟಪ್ ಗುಂಡಿಯಲ್ಲಿ ರೆಕಾರ್ಡಿಂಗ್ ಡಿವೈಸ್ ಬದಲಿಸಿ.

ಗೆರೆ ಏಳುತ್ತಲೇ ಇಲ್ಲ

ಚಪ್ಪಟೆ ಗೆರೆಯಲ್ಲಿ ಎರಡು ಜಾತಿ. ಇವೆರಡನ್ನು ಬೇರೆ ಮಾಡದೆ ಹುಡುಕಿದರೆ ಅರ್ಧ ದಿನ ಹಾಳು. ಸುಮ್ಮನಿದ್ದ ಹತ್ತು ಸೆಕೆಂಡನ್ನು ಆಯ್ದುಕೊಂಡು ಆಂಪ್ಲಿಫೈ (ದನಿ ಏರಿಸುವ ಎಫೆಕ್ಟ್) ಹಾಕಿ. ಗೆರೆ ಅಲುಗದೆ ದಾರದಂತೆ ಹಾಗೇ ಉಳಿದರೆ ಆಡಾಸಿಟಿಗೆ ಬಂದದ್ದು ಸೊನ್ನೆ. ನವಿರಾದ ನೂಲಿನಂಥ ಪೊರೆ ಎದ್ದರೆ ಮೈಕಿನ ದಾರಿ ತೆರೆದಿದೆ, ದನಿ ಮಾತ್ರ ಸಾಲದು.

ಶುದ್ಧ ಸೊನ್ನೆ ಬಂದರೆ ಮೊದಲ ಅನುಮಾನ ವಿಂಡೋಸ್ ಮೇಲೆ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಮೈಕ್ರೋಫೋನ್ ತೆರೆಯಿರಿ. ಅಲ್ಲಿ ಮೇಲೆ ಮೈಕಿನ ಅನುಮತಿಯ ಸ್ವಿಚ್ಚುಗಳು, ಪುಟದ ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯದೇ ಇನ್ನೊಂದು ಸ್ವಿಚ್ಚು. ಆಡಾಸಿಟಿ ಡೆಸ್ಕ್‌ಟಾಪ್ ಆ್ಯಪ್, ಹಾಗಾಗಿ ಎಲ್ಲವೂ ಆನ್ ಇರಬೇಕು. ಎರರ್ ಕೋಡ್ -9999 ಬಂದರೂ ಮೊದಲು ನೋಡಬೇಕಾದ ಜಾಗ ಇದೇ. -9997 ಬಂದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯುತ್ತದೆ ಎಂಬ ಸಂಖ್ಯೆ) ಹೊಂದುತ್ತಿಲ್ಲ ಎಂದರ್ಥ: ವಿಂಡೋಸ್‌ನಲ್ಲಿ ಮೈಕಿನ ಪ್ರಾಪರ್ಟೀಸ್ > ಅಡ್ವಾನ್ಸ್‌ಡ್‌ನಲ್ಲಿ ಇರುವ ಸಂಖ್ಯೆಯನ್ನೇ (44100 ಅಥವಾ 48000) ಆಡಾಸಿಟಿಯ ಪ್ರಾಜೆಕ್ಟ್ ರೇಟ್‌ಗೂ ಕೊಡಿ. ಇನ್ನೊಂದು ಸುಲಭದ ತಪ್ಪು, ವಾಸಾಪಿ ಹೋಸ್ಟ್‌ನಲ್ಲಿ (ಆಡಾಸಿಟಿಗೂ ವಿಂಡೋಸ್‌ಗೂ ನಡುವೆ ದನಿ ಸಾಗುವ ಒಂದು ದಾರಿ) ಹೆಸರಿನ ಮುಂದೆ ಲೂಪ್‌ಬ್ಯಾಕ್ ಎಂದಿರುವುದನ್ನು ಆರಿಸುವುದು. ಅದು ಕಂಪ್ಯೂಟರಿನಿಂದ ಹೊರಡುವ ದನಿಯನ್ನು ಹಿಡಿಯುವ ದಾರಿ; ನೀವು ಮೈಕಿನ ಮುಂದೆ ಕೂಗಿದರೂ ಅದಕ್ಕೆ ಕೇಳಿಸದು.

ನೂಲಿನಂಥ ಪೊರೆ ಇದ್ದರೆ ಪಿನ್ನು ನೋಡಿ. ಮೊಬೈಲಿಗೆಂದು ಮಾಡಿದ ಕಾಲರ್ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಲೋಹದ ತುಂಡು ಇರುತ್ತವೆ. ಡೆಸ್ಕ್‌ಟಾಪಿನ ಗುಲಾಬಿ ತೂತಿನಲ್ಲಿ ಮೂರೇ ತುಂಡಿಗೆ ಜಾಗ. ಅಲ್ಲಿ ಚುಚ್ಚಿದರೆ ದನಿ ಬರುವುದಿಲ್ಲ, ಬಂದರೂ ಬಾವಿಯೊಳಗಿಂದ ಬಂದ ಹಾಗೆ. ಹೆಡ್‌ಫೋನ್ ಮತ್ತು ಮೈಕನ್ನು ಬೇರೆ ಮಾಡುವ ಸ್ಪ್ಲಿಟರ್ ತೆಗೆದುಕೊಳ್ಳಿ. ಒಂದೇ ತೂತಿರುವ ಲ್ಯಾಪ್‌ಟಾಪಿಗೆ ಇದರ ಉಲ್ಟಾ: ಮೂರು ತುಂಡಿನ ಮೈಕು ಚುಚ್ಚಿದರೆ ಅದನ್ನು ಹೆಡ್‌ಫೋನ್ ಎಂದುಕೊಂಡು ಒಳಗಿನ ಮೈಕನ್ನೇ ಮುಂದುವರಿಸುತ್ತದೆ.

ಸಭೆ ಸಮಾರಂಭದ ಡೈನಾಮಿಕ್ ಮೈಕನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿ ದನಿ ಸಣ್ಣಗಿದೆ ಎಂದು ಕೊರಗಬೇಡಿ. ಅದು ಹುಟ್ಟಿಸುವ ವೋಲ್ಟೇಜ್ ಕೆಲವೇ ಮಿಲಿವೋಲ್ಟ್. 50 ರಿಂದ 60 ಡಿಬಿ (ಡೆಸಿಬಲ್) ಎತ್ತುವ ಪ್ರಿಆಂಪ್ ಅಥವಾ ಮಿಕ್ಸರ್ ನಡುವೆ ಬೇಕು. ಸ್ಟುಡಿಯೋ ಕಂಡೆನ್ಸರ್ ಮೈಕಿಗಾದರೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಮೈಕಿಗೆ ಹೋಗುವ ಕರೆಂಟು) ಗುಂಡಿ ಒತ್ತಿದ್ದೀರಾ ನೋಡಿ.

ಗುಂಯ್ ಸದ್ದು

ನಮ್ಮ ಎರಡೂ ಜಿಲ್ಲೆಗಳಲ್ಲಿ ಹೆಚ್ಚು ತಲೆ ತಿನ್ನುವ ದೋಷ ಇದು. ಎಲ್ಲ ಗುಂಯ್ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮೈಕಿಗೆ ದಪ್ಪ ಕೌದಿ ಮೂರ್ನಾಲ್ಕು ಮಡಿಕೆ ಸುತ್ತಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಸದ್ದು ಗಣನೀಯವಾಗಿ ಇಳಿದರೆ ಅದು ಗಾಳಿಯಲ್ಲಿ ಬಂದದ್ದು: ಫ್ಯಾನು, ಫ್ರಿಜ್ಜು, ಪಕ್ಕದ ಬೋರ್‌ವೆಲ್ ಮೋಟಾರು. ಫ್ಯಾನು ಆರಿಸಿ, ಕೆಲಸ ಮುಗಿಯಿತು. ಕೌದಿ ಸುತ್ತಿದರೂ ಸದ್ದು ಹಾಗೇ ಇದ್ದರೆ ಅದು ವೈರಿನಲ್ಲಿ ಬಂದ ಕರೆಂಟಿನ ಸದ್ದು.

ಕರೆಂಟಿನದಾದರೆ ಅದರ ಗುರುತು ಓದೋಣ. ಸುಮ್ಮನಿದ್ದ ತುಣುಕನ್ನು ಆಯ್ದು ಅನಲೈಜ್ > ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ. ಸೈಜ್ 16384, ಆಕ್ಸಿಸ್ ಲಾಗ್ ಫ್ರೀಕ್ವೆನ್ಸಿ. ಸೈಜ್ 2048 ಇದ್ದರೆ ಒಂದೊಂದು ಮೆಟ್ಟಿಲೂ 21 ಹರ್ಟ್ಜ್ ದಪ್ಪ, ಅದರಲ್ಲಿ 50 ಬೇರೆಯಾಗಿ ಕಾಣದು. 16384 ಕೊಟ್ಟರೆ ಮೆಟ್ಟಿಲು 2.7 ಹರ್ಟ್ಜ್‌ಗೆ ಇಳಿಯುತ್ತದೆ. ಈಗ ಕರ್ಸರನ್ನು ಎಡಗಡೆಯ ಶಿಖರದ ಮೇಲೆ ತಂದರೆ ಕೆಳಗೆ ಪೀಕ್ ಎಷ್ಟು ಎಂದು ಬರುತ್ತದೆ.

50 ಹರ್ಟ್ಜ್‌ನಲ್ಲಿ ಒಂಟಿ ಗೋಪುರ ಇದ್ದರೆ ಅದು ನಮ್ಮ ಕರೆಂಟಿನ ಮೂಲ ಮಿಡಿತ: ಅರ್ಥಿಂಗ್ ಸರಿಯಿಲ್ಲ, ಇಲ್ಲವೇ ಮೈಕಿನ ವೈರು ಎಕ್ಸ್‌ಟೆನ್ಷನ್ ಬೋರ್ಡಿನ ವೈರಿನ ಜೊತೆ ಉದ್ದಕ್ಕೂ ಮಲಗಿದೆ. 100, 200, 300 ಹೀಗೆ ಬಾಚಣಿಗೆ ಹಲ್ಲಿನಂತೆ ಎದ್ದರೆ ಅಡಾಪ್ಟರ್, ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕಡೆ ತಿರುಗಿ. 50, 150, 250, 350 ಎಂದು 50ರ ಬೆಸ ಗುಣಕದ ಹಲ್ಲುಗಳು ದಪ್ಪಗಿದ್ದರೆ ಆಗ ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಓಡುತ್ತಿತ್ತೇ ನೆನಪಿಸಿಕೊಳ್ಳಿ. ಆ ಹೊತ್ತಿನಲ್ಲಿ ಫ್ಯಾನು ಕೂಡ ಬೇರೆ ರಾಗ ಹಾಡುವುದನ್ನು ಎಲ್ಲರೂ ಕೇಳಿಯೇ ಇರುತ್ತಾರೆ.

ಮುಂದಿನ ಹೆಜ್ಜೆ ಲ್ಯಾಪ್‌ಟಾಪ್ ಚಾರ್ಜರ್ ಕೀಳುವುದು. ಬ್ಯಾಟರಿ ಮೇಲೆ ಗುಂಯ್ ಸತ್ತರೆ ತಪ್ಪು ಚಾರ್ಜರ್ ದಾರಿಯಲ್ಲಿದೆ. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳು ಸವರಿದರೆ ಜುಮು ಜುಮು ಅನ್ನುತ್ತದೆಯೇ? ಹಾಗಿದ್ದರೆ ಚಾರ್ಜರಿನ ಫಿಲ್ಟರ್ ಕೆಪಾಸಿಟರ್‌ನಿಂದ ಸೋರುವ ಸಣ್ಣ ಕರೆಂಟಿಗೆ ನೆಲಕ್ಕೆ ಇಳಿಯುವ ದಾರಿ ಇಲ್ಲ. ಆ ದಾರಿ ಬೇಕಾದ್ದಕ್ಕೇ ಮೂರನೇ ಪಿನ್ನು ಇರುವುದು. ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರೆ ತೆಗೆದು ನೇರ ಮೂರು ಪಿನ್ನಿನ ಸಾಕೆಟ್‌ಗೆ ಹಾಕಿ. ಸದ್ದು ಹೋಗುತ್ತದೆಂದು ಅರ್ಥ್ ಪಿನ್ನು ಮುರಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸದ್ದಿನ ಜೊತೆ ಜೀವವೂ ಹೋಗಬಹುದು.

ಮೂರು ಪಿನ್ನಿಗೆ ಹಾಕಿದರೂ ಜುಮು ಬಿಡದಿದ್ದರೆ ಅರ್ಥ್ ಗುಂಡಿಯೇ ಒಣಗಿದೆ. ಇದು ಊರಿನ ನೆಲಕ್ಕೆ ಸಂಬಂಧಿಸಿದ ಮಾತು. ಭದ್ರಾ ನಾಲೆಯ ಗದ್ದೆ ಪಕ್ಕದ ಮನೆಗಳಿಗೆ ಮಣ್ಣಿನಲ್ಲಿ ತೇವ ಉಳಿದಿರುತ್ತದೆ. ಚಳ್ಳಕೆರೆ, ಜಗಳೂರಿನ ಒಣ ನೆಲದಲ್ಲಿ, ದುರ್ಗದ ಬಂಡೆಯ ಮೇಲೆ ಕಟ್ಟಿದ ಮನೆಗಳಲ್ಲಿ ಹಾಗಲ್ಲ. ಮಾರ್ಚ್ ದಾಟಿದ ಮೇಲೆ ಇದ್ದಿಲು ಉಪ್ಪು ತುಂಬಿದ ಗುಂಡಿ ಒಣಗಿ, ಪೈಪಿಗೂ ಮಣ್ಣಿಗೂ ನಂಟು ಬಿಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಮೈಕು ಬೇಸಿಗೆಯಲ್ಲಿ ಗುಂಯ್ ಎಂದರೆ ಮೈಕು ಕೆಟ್ಟಿದೆ ಎಂದು ಬದಲಿಸಬೇಡಿ. ಗುಂಡಿಗೆ ನಾಲ್ಕೈದು ಕೊಡ ನೀರು ಹೊಯ್ದು ಮರುದಿನ ಅದೇ ತುಣುಕು ರೆಕಾರ್ಡ್ ಮಾಡಿ, 50ರ ಗೋಪುರ ಎಷ್ಟು ಇಳಿಯಿತು ಹೋಲಿಸಿ. ಇಳಿಯದಿದ್ದರೆ ವೈರ್‌ಮನ್ ಕರೆಸಿ ಸಾಕೆಟ್ ಅಳೆಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಬರಬೇಕು. ಫೇಸ್–ಅರ್ಥ್ ನಡುವೆ ನೂರು ಚಿಲ್ಲರೆ ತೋರಿಸಿದರೆ ಆ ಅರ್ಥ್ ವೈರು ಎಲ್ಲಿಗೂ ಸೇರಿಲ್ಲ.

ಬ್ಯಾಟರಿ ಮೇಲೂ ಗುಂಯ್ ಇದ್ದು, ಮೈಕಿನ ಲೋಹದ ಭಾಗವನ್ನು ಕೈಯಲ್ಲಿ ಹಿಡಿದ ತಕ್ಷಣ ಕಡಿಮೆಯಾದರೆ ವೈರಿನ ಹೊರ ಜಾಲರಿ ಪಿನ್ನಿನ ಹತ್ತಿರ ಹರಿದಿದೆ. ಬೆಸುಗೆ ಹಾಕಿಸಿ.

ನಡುನಡುವೆ ಟಿಟ್ ಟಿಟ್ ಟಿಟ್ ಟರ್ರ್ ಎಂದರೆ ಮೈಕಿನ ಪಕ್ಕದಲ್ಲಿ ಕೀಪ್ಯಾಡ್ ಫೋನ್ ಇದೆ. ಪಕ್ಕದ ಕೋಣೆಯಲ್ಲಿಡಿ.

ಇಷ್ಟೆಲ್ಲ ಆಗಿಯೂ ಹಳೆಯ, ಮತ್ತೆ ಹಾಡಿಸಲಾಗದ ತುಣುಕು ಉಳಿಸಬೇಕಿದ್ದರೆ ಮಾತ್ರ ನಾಚ್ ಫಿಲ್ಟರ್ (ಒಂದೇ ಹರ್ಟ್ಜ್‌ನ ಆಸುಪಾಸು ಕತ್ತರಿಸುವ ಎಫೆಕ್ಟ್). ಅದರಲ್ಲಿ ಬರುವ 60 ಹರ್ಟ್ಜ್ ಅಮೆರಿಕದ ಕರೆಂಟಿನದು, ಅಳಿಸಿ 50 ಬರೆಯಿರಿ. ಕ್ಯೂ ಎಂದರೆ ಕತ್ತರಿ ಎಷ್ಟು ಸಣ್ಣದು ಎಂಬ ಸಂಖ್ಯೆ; ಅದು 1 ಇದ್ದರೆ ಗಂಡು ದನಿಯ ಬುಡವನ್ನೂ ಕತ್ತರಿಸುತ್ತದೆ. 10ರ ಮೇಲೆ ಇಡಿ. ಬಳಿಕ 100, 150ಕ್ಕೂ ಬೇಕಿದ್ದರೆ ಒಂದೊಂದು ಸಲ. ನಾಯ್ಸ್ ರಿಡಕ್ಷನ್‌ಗೆ ಮೊದಲು ಸುಮ್ಮನಿದ್ದ ತುಣುಕು ಆಯ್ದು ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ, ಆಮೇಲೆ ಇಡೀ ಟ್ರ್ಯಾಕ್ ಆಯ್ದು 6 ರಿಂದ 12 ಡಿಬಿಯೊಳಗೆ ಹಾಕಿ. 24 ಕೊಟ್ಟರೆ ನೀರಿನಡಿ ಮಾತಾಡಿದಂತಾಗುತ್ತದೆ.

ಇಯರ್‌ಫೋನಲ್ಲಿ ಇದೆ, ಹಾರ್ನ್‌ನಲ್ಲಿ ಇಲ್ಲ

ಪ್ರಚಾರದ ಆಟೋ ಹೊರಟು ಅಶೋಕ ರಸ್ತೆಗೆ ಬರುವಷ್ಟರಲ್ಲಿ ಫೋನ್ ಬರುತ್ತದೆ: ಮ್ಯೂಸಿಕ್ ಕೇಳುತ್ತಿದೆ, ಮಾತೇ ಇಲ್ಲ. ಮನೆಯಲ್ಲಿ ಇಯರ್‌ಫೋನ್ ಹಾಕಿ ಕೇಳಿದರೆ ಮಾತು ಖಡಕ್ಕಾಗಿದೆ. ಪೆನ್‌ಡ್ರೈವ್, ಆಂಪ್ಲಿಫೈಯರ್, ಹಾರ್ನ್ ಬದಲಿಸುವುದೆಲ್ಲ ವ್ಯರ್ಥ.

ಮಾತಿನ ಟ್ರ್ಯಾಕ್ ಸ್ಟೀರಿಯೋ (ಎಡ, ಬಲ ಎರಡು ಸಾಲು) ಆಗಿದ್ದರೆ ಕಂಟ್ರೋಲ್ + 1 ಹಲವು ಸಲ ಒತ್ತಿ ಒಂದೊಂದೇ ಅಲೆ ಕಾಣುವಷ್ಟು ಹಿಗ್ಗಿಸಿ. ಮೇಲಿನ ಸಾಲಿನಲ್ಲಿ ಅಲೆ ಏರಿದ ಜಾಗದಲ್ಲೇ ಕೆಳಗಿನ ಸಾಲಿನಲ್ಲಿ ಇಳಿದಿದೆಯೇ, ಕೆರೆಯ ನೀರಿನಲ್ಲಿ ಗುಡ್ಡ ತಲೆಕೆಳಗಾಗಿ ಕಂಡ ಹಾಗೆ? ಹಾಗಿದ್ದರೆ ಎಡ ಬಲ ಒಂದಕ್ಕೊಂದು ಉಲ್ಟಾ. ಇಯರ್‌ಫೋನಿನಲ್ಲಿ ಎರಡು ಕಿವಿಗೆ ಬೇರೆ ಬೇರೆಯಾಗಿ ಬೀಳುವುದರಿಂದ ಕೇಳುತ್ತದೆ. ಆಟೋದ ಆಂಪ್ಲಿಫೈಯರ್ ಎಡ ಬಲ ಕೂಡಿಸಿ ಒಂದೇ ಹಾರ್ನ್‌ಗೆ ಕೊಡುತ್ತದೆ. ಕೂಡಿಸಿದಾಗ ಅಧಿಕಕ್ಕೆ ಋಣ ಸೇರಿ ಉಳಿಯುವುದು ಸೊನ್ನೆ. ಹಿನ್ನೆಲೆ ಸಂಗೀತಕ್ಕೆ ಈ ಗತಿ ಇಲ್ಲ, ಅದಕ್ಕೇ ಅದು ಮಾತ್ರ ಕೇಳುವುದು. ಒಂದೇ ಸ್ಪೀಕರಿನ ಮೊಬೈಲಿನಲ್ಲೂ ಇದೇ ಕಥೆ.

ಖಚಿತ ಮಾಡಿಕೊಳ್ಳಲು ಟ್ರ್ಯಾಕ್ಸ್ > ಮಿಕ್ಸ್ > ಮಿಕ್ಸ್ ಸ್ಟೀರಿಯೋ ಡೌನ್ ಟು ಮೋನೋ ಒತ್ತಿ. ಗೆರೆ ಚಪ್ಪಟೆಯಾದರೆ ರೋಗ ಇದೇ. ಕಂಟ್ರೋಲ್ + ಝಡ್ ಒತ್ತಿ ಹಿಂದಕ್ಕೆ ಬನ್ನಿ. ಟ್ರ್ಯಾಕಿನ ಮೆನುವಿನಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಮಾಡಿ ಒಂದು ಸಾಲು ಅಳಿಸಿಬಿಡಿ. ಒಬ್ಬರ ಮಾತಿಗೆ ಒಂದೇ ಸಾಲು ಸಾಕು.

ಮೂಲ ವೈರಿನಲ್ಲಿದೆ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಕನೆಕ್ಟರಿನ) ಮೈಕು ಅಥವಾ ಮಿಕ್ಸರಿನ ಬ್ಯಾಲೆನ್ಸ್‌ಡ್ ಔಟ್‌ಪುಟ್ ಒಂದೇ ದನಿಯನ್ನು ಎರಡು ತಂತಿಯಲ್ಲಿ, ಒಂದರಲ್ಲಿ ನೇರ ಇನ್ನೊಂದರಲ್ಲಿ ಉಲ್ಟಾ ಕಳಿಸುತ್ತದೆ. ಎಕ್ಸ್‌ಎಲ್‌ಆರ್‌ನ 2ನೇ ಪಿನ್ನು ಜ್ಯಾಕಿನ ತುದಿಗೆ, 3ನೇ ಪಿನ್ನು ನಡುವಿನ ಉಂಗುರಕ್ಕೆ ಬೆಸೆದ ವೈರನ್ನು ಕಂಪ್ಯೂಟರಿನ ಸ್ಟೀರಿಯೋ ತೂತಿಗೆ ಚುಚ್ಚಿದರೆ ಅದು ನೇರವನ್ನು ಎಡಕ್ಕೆ, ಉಲ್ಟಾವನ್ನು ಬಲಕ್ಕೆ ಹಾಕಿಕೊಳ್ಳುತ್ತದೆ. ಮೈಕಿನ ವೈರಾದರೆ 3 ಮತ್ತು 1 ಎರಡನ್ನೂ ಜ್ಯಾಕಿನ ಬುಡಕ್ಕೆ ಸೇರಿಸಿ, 2ನ್ನು ತುದಿಗೆ ಬಿಟ್ಟು, ಉಂಗುರ ಖಾಲಿ ಇಡಿಸಿ, ಆಡಾಸಿಟಿಯಲ್ಲಿ ಮೋನೋ ಆರಿಸಿ. ಮಿಕ್ಸರಿಗೆ ಇದನ್ನು ಮಾಡಬೇಡಿ, ಅದರ ಆರ್‌ಸಿಎ ಟೇಪ್ ಔಟ್‌ನಿಂದ ವೈರು ಎಳೆಯಿರಿ.

ಶ್ರುತಿ ಕರಗುತ್ತದೆ, ದನಿ ಟೆಲಿಫೋನಿನಂತಿದೆ

ಶ್ರುತಿ ಪೆಟ್ಟಿಗೆ ಹಚ್ಚಿ ರೆಕಾರ್ಡ್ ಶುರುಮಾಡಿದ ಕೆಲವೇ ಸೆಕೆಂಡಿಗೆ ಶ್ರುತಿ ಮಂಕಾಗಿ, ಹಾಡಿದಾಗ ಮಾತ್ರ ತಲೆ ಎತ್ತಿದರೆ ಅದು ವಿಂಡೋಸ್ ಅಥವಾ ಲ್ಯಾಪ್‌ಟಾಪಿನ ನಾಯ್ಸ್ ಸಪ್ರೆಷನ್. ಆಫೀಸಿನ ವಿಡಿಯೋ ಕರೆಗೆಂದು ಮಾಡಿದ್ದು. ಬದಲಾಗದೆ ನಿಂತ ಸದ್ದೆಲ್ಲ ಅದಕ್ಕೆ ಫ್ಯಾನೇ. ಮೈಕಿನ ಪ್ರಾಪರ್ಟೀಸ್‌ನಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯೇ ಹಾಕಿಕೊಟ್ಟ ಸೌಂಡ್ ಆ್ಯಪ್ ಇದ್ದರೆ ಅದರೊಳಗೂ ನೋಡಿ.

ಬ್ಲೂಟೂತ್ ಹೆಡ್‌ಸೆಟ್ ಮೈಕು ಬೇರೆ ರೋಗ. ಮೈಕು ಚಾಲೂ ಆದ ಕೂಡಲೇ ಅದು ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ದನಿ ಎಂದು ಬಣ್ಣದಲ್ಲಿ ತೋರಿಸುವ) ನೋಟಕ್ಕೆ ತಿರುಗಿಸಿ: 4000 ಅಥವಾ 8000 ಹರ್ಟ್ಜ್ ಮೇಲೆ ಚಾಕುವಿನಿಂದ ಕೊಯ್ದಂತೆ ಖಾಲಿ ಇದ್ದರೆ ಇದೇ. ಸ, ಶ ಎರಡರ ವ್ಯತ್ಯಾಸವೇ ಹೋಗಿರುತ್ತದೆ. ಯಾವ ಎಫೆಕ್ಟೂ ಅದನ್ನು ತರಲಾರದು. ವೈರಿನ ಮೈಕು ಬಳಸಿ.

ಒಡೆದ ದನಿ, ಉಬ್ಬಿದ ಗಾಳಿ, ಗೋಡೆಯ ಮಾರ್ದನಿ

ವ್ಯೂ ಮೆನುವಿನಲ್ಲಿ ಶೋ ಕ್ಲಿಪಿಂಗ್ ಹಾಕಿದರೆ ಮಿತಿ ಮೀರಿದ ಜಾಗ ಕೆಂಪು ಗೆರೆಯಾಗುತ್ತದೆ. ಅತಿ ಜೋರಾದ ಮಾತು -12 ರಿಂದ -6 ಡಿಬಿಯೊಳಗೆ ನಿಲ್ಲುವಂತೆ ಮೈಕಿನ ಲೆವೆಲ್ ಇಳಿಸಿ ಮತ್ತೆ ಹೇಳಿಸಿ. ಕೆಂಪು ಗೆರೆ ಇಲ್ಲದೆಯೂ ಅಲೆಯ ತಲೆ ಅರ್ಧ ಎತ್ತರದಲ್ಲೇ ಚಪ್ಪಟೆಯಾಗಿದ್ದರೆ ದನಿ ಆಡಾಸಿಟಿಗೆ ಬರುವ ಮೊದಲೇ, ಮಿಕ್ಸರಿನಲ್ಲೋ ಪ್ರಿಆಂಪ್‌ನಲ್ಲೋ ಒಡೆದಿದೆ. ಇಲ್ಲಿ ಲೆವೆಲ್ ಇಳಿಸಿ ಪ್ರಯೋಜನವಿಲ್ಲ, ಅಲ್ಲಿ ಇಳಿಸಿ.

ಪ, ಫ, ಬ, ಭ ಬಂದಲ್ಲೆಲ್ಲ ಧಪ್ ಎಂದರೆ ಬಾಯಿಯ ಗಾಳಿ ನೇರ ಮೈಕಿಗೆ ಹೊಡೆಯುತ್ತಿದೆ. ಭರ್ಜರಿ ಬಂಪರ್ ಬಹುಮಾನ ಎಂದು ಬರೆದುಕೊಡುವ ಅಂಗಡಿಯವರಿಗೆ ಇದು ತಿಳಿಯುವುದಿಲ್ಲ. ಮೈಕನ್ನು ಬಾಯಿಗೆ ಒಂದು ಗೇಣು ದೂರ, ತುಸು ಓರೆಯಾಗಿ ಇಡಿ. ಉಳಿದದ್ದಕ್ಕೆ ಹೈಪಾಸ್ ಫಿಲ್ಟರ್ (ಕೆಳಗಿನ ದಪ್ಪ ಸದ್ದು ಕತ್ತರಿಸುವ ಎಫೆಕ್ಟ್) 80 ಹರ್ಟ್ಜ್.

ಖಾಲಿ ಆರ್‌ಸಿಸಿ ಕೋಣೆ, ಟೈಲ್ಸ್ ನೆಲ ಇದ್ದರೆ ಒಮ್ಮೆ ಚಪ್ಪಾಳೆ ತಟ್ಟಿ. ಝಣ್ ಎಂದು ಬಾಲ ಉಳಿದರೆ ರೆಕಾರ್ಡಿಂಗಿನಲ್ಲೂ ಉಳಿಯುತ್ತದೆ. ಹಾಸಿಗೆ ಗೋಡೆಗೊರಗಿಸಿ, ಬಟ್ಟೆ ತುಂಬಿದ ಅಲ್ಮೇರಾ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ ಮಾತಾಡಿ.

ಹಾಡು ಹಿಂದೆ ಬೀಳುತ್ತದೆ

ಟ್ರ್ಯಾಕ್ ಕೇಳುತ್ತಾ ಹಾಡಿದ್ದು ತಾಳಕ್ಕೆ ತಡವಾಗಿ ಕೂತರೆ ಗಾಯಕರನ್ನು ಬೈಯುವ ಮೊದಲು ಅಳೆಯಿರಿ. ಜನರೇಟ್ > ರಿದಮ್ ಟ್ರ್ಯಾಕ್ ಹುಟ್ಟಿಸಿ, ಇಯರ್‌ಫೋನನ್ನು ಮೈಕಿಗೆ ಒತ್ತಿಹಿಡಿದು ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಎರಡೂ ಟಕ್ಕುಗಳ ನಡುವಿನ ಅಂತರ ಅಳೆಯಿರಿ. ಹೊಸದು 80 ಮಿಲಿಸೆಕೆಂಡ್ ತಡ ಎನ್ನಿ. ಪ್ರಿಫರೆನ್ಸಸ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಷನ್ (ತಡವನ್ನು ಸರಿದೂಗಿಸುವ ಸಂಖ್ಯೆ) -130 ಇದ್ದರೆ -210 ಮಾಡಿ. 40 ಬೇಗ ಬಂದಿದ್ದರೆ -90. ಹೋಸ್ಟ್ ಅಥವಾ ಮೈಕು ಬದಲಿಸಿದರೆ ಮತ್ತೆ ಅಳೆಯಬೇಕು.

ದನಿಯೇ ಕೀರಲಾಗಿ ಓಡಿದರೆ ಟ್ರ್ಯಾಕ್ ಮೆನುವಿನ ರೇಟ್ ಯಾರೋ ಬದಲಿಸಿದ್ದಾರೆ. 44100ರ ಟ್ರ್ಯಾಕಿಗೆ 48000 ಕೊಟ್ಟರೆ ಒಂದು ನಿಮಿಷದ ಹಾಡು 55 ಸೆಕೆಂಡಿಗೆ ಮುಗಿದು, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಅಲ್ಲಿ ಮೊದಲಿನ ಸಂಖ್ಯೆಗೇ ತನ್ನಿ; ನಿಜವಾಗಿ ಪರಿವರ್ತಿಸಬೇಕಿದ್ದರೆ ಟ್ರ್ಯಾಕ್ಸ್ > ರೀಸ್ಯಾಂಪಲ್.

ತುಂಡಾಗುವುದು, ಕರೆಂಟು ಹೋಗುವುದು

ನಡುವೆ ಅಕ್ಷರ ನುಂಗಿದಂತಾದರೆ ಪ್ರಾಜೆಕ್ಟ್ ಪೆನ್‌ಡ್ರೈವಿನಲ್ಲೋ ಕ್ಲೌಡಿಗೆ ಹೋಗುವ ಫೋಲ್ಡರಿನಲ್ಲೋ ಇದೆಯೇ ನೋಡಿ, ಕಂಪ್ಯೂಟರಿನ ಒಳ ಡಿಸ್ಕಿಗೆ ತನ್ನಿ. ಮೈಕನ್ನು ಯುಎಸ್‌ಬಿ ಹಬ್ ಬಿಟ್ಟು ನೇರ ಚುಚ್ಚಿ. ಆಗಲೂ ನಿಲ್ಲದಿದ್ದರೆ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಬಫರ್ ಲೆಂಗ್ತ್ (ದನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಅವಧಿ) 100ರಿಂದ 200 ಮಿಲಿಸೆಕೆಂಡಿಗೆ ಏರಿಸಿ. ಜಾಗದ ಲೆಕ್ಕವೂ ಇರಲಿ: 44100, 32 ಬಿಟ್ ಫ್ಲೋಟ್, ಸ್ಟೀರಿಯೋ ಆದರೆ ನಿಮಿಷಕ್ಕೆ 21 ಎಂಬಿ, ಗಂಟೆಗೆ ಒಂದೂಕಾಲು ಜಿಬಿ ಮೇಲೆ. ಮೋನೋಗೆ ಅದರರ್ಧ.

ರೆಕಾರ್ಡ್ ಆಗುತ್ತಿರುವಾಗಲೇ ಕರೆಂಟು ಹೋಗಿ ಡೆಸ್ಕ್‌ಟಾಪ್ ಆರಿದರೆ ಗಾಬರಿ ಬೇಡ. ಮತ್ತೆ ತೆರೆದಾಗ ಆಡಾಸಿಟಿಯೇ ರಿಕವರಿ ಕಿಟಕಿ ತೋರಿಸುತ್ತದೆ. ರಿಕವರ್ ಒತ್ತಿ, ಡಿಸ್ಕಾರ್ಡ್ ಅಲ್ಲ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಎಯುಪಿ3 ಫೈಲಿನ ಪಕ್ಕ ಅದೇ ಹೆಸರಿನ, ಕೊನೆಯಲ್ಲಿ ಡಬ್ಲ್ಯೂಎಎಲ್ ಎಂದಿರುವ ಇನ್ನೊಂದು ಫೈಲು ಕಂಡರೆ ಕಸವೆಂದು ಅಳಿಸಬೇಡಿ. ಇನ್ನೂ ಮುಖ್ಯ ಫೈಲಿಗೆ ಸೇರದ ದನಿ ಅದರಲ್ಲೇ ಇರುತ್ತದೆ. ಬೇರೆ ಕಂಪ್ಯೂಟರಿಗೆ ಒಯ್ಯುವ ಮುಂಚೆ ಒಮ್ಮೆ ತೆರೆದು, ರಿಕವರ್ ಮಾಡಿ, ಉಳಿಸಿ, ಆಡಾಸಿಟಿ ಮುಚ್ಚಿ; ಆ ಫೈಲು ತಾನೇ ಹೋಗುತ್ತದೆ.